ಗಣಕಯಂತ್ರದ ತಂತ್ರರಚನೆಯಲ್ಲಿ ನ್ಯೂಟನೀಯ ಮತ್ತು ಸಾಪೇಕ್ಷ ಭೌತಶಾಸ್ತ್ರಗಳ ವಿನಿಯೋಗ

ಗಣಕಯಂತ್ರಕ್ಕೆ ತಂತ್ರಾಂಶವನ್ನು ರಚಿಸುವವರು ವಸ್ತುಗಳ ಚಲನೆಯನ್ನು ಲೆಕ್ಕಿಸಬೇಕಾಗಿ ಬಂದಾಗ ಯಾವ ಭೌತಶಾಸ್ತ್ರವನ್ನು ಆಶ್ರಯಿಸತಕ್ಕದ್ದು? ೧೬೮೭ರಲ್ಲಿ ನ್ಯೂಟನ್ ಪ್ರಕಟಿಸಿದ ಗತಿಸೂತ್ರಗಳನ್ನೋ, ೧೯೦೫ ಮತ್ತು ೧೯೧೫ರಲ್ಲಿ ಐನ್‌ಸ್ಟೈನ್ ಸ್ಥಾಪಿಸಿದ ಸಾಪೇಕ್ಷತಾಸಿದ್ಧಾಂತವನ್ನೋ? ಈ ಪ್ರಶ್ನೆ ಮೇಲುನೋಟಕ್ಕೆ ಸಾಹಿತ್ಯಾಧ್ಯಾಪಕರಾದ ನಮ್ಮ ವಾಚಕರಿಗೆ ಹೊರಗಿನದೆಂದು ತೋರಬಹುದು. ಆದರೆ ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆ ಮೊದಲಾದ ದಕ್ಷಿಣ ಬೆಂಗಳೂರಿನ ಪ್ರದೇಶಗಳಲ್ಲಿ ತಂತ್ರಾಂಶರಚನೆಯೇ ಜೀವನೋಪಾಯವಾಗಿರುವ ತರುಣರು ಬೀದಿ ಬೀದಿಗೂ ಇದ್ದಾರೆ. ಅವರಲ್ಲಿ ಕೆಲವರು ಪಂಚಾಂಗಗಣಿತವನ್ನು ಯಂತ್ರಕ್ಕೆ ಒಪ್ಪಿಸಲು ಹೊರಟು, ಪರಿಭಾಷೆಯ ಅರ್ಥನಿರ್ಣಯಕ್ಕಾಗಿ ನಮ್ಮಂಥ ಪಾಠಶಾಲೆಯ ಪಂಡಿತರ ಬಳಿಗೂ ಬರುತ್ತಾರೆ. ಹೀಗೆ ನಡೆದ ಚರ್ಚೆಗಳಲ್ಲಿ ನಮಗೆ ಎರಡು ಪಕ್ಷಗಳು ಕಂಡುಬಂದಿವೆ. ಐನ್‌ಸ್ಟೈನನಿಂದ ನ್ಯೂಟನ್ ಖಂಡಿತನಾದನು, ಸತ್ಯವು ತಿಳಿದಮೇಲೆ ಅಸತ್ಯದಿಂದ ಲೆಕ್ಕಹಾಕುವುದು ಮೂಢತನ, ಆದಕಾರಣ ಸರ್ವತ್ರ ಸಾಪೇಕ್ಷವೇ ಗ್ರಾಹ್ಯವೆಂಬುದು ಒಂದು. ಸಾಪೇಕ್ಷತೆ ಪುಸ್ತಕದ ವಿಷಯ, ಭೂಮಿಯ ಮೇಲೆ ಬದುಕುವವರಿಗೆ ನ್ಯೂಟನ್ ಸಾಕೆಂಬುದು ಮತ್ತೊಂದು. ಮೊದಲನೆಯವರಿಗೆ ಉತ್ಸಾಹವಿದೆ, ಎರಡನೆಯವರಿಗೆ ಅನುಭವವಿದೆ. ಪ್ರಶ್ನೆಯನ್ನು ಸರಿಯಾಗಿ ಇಟ್ಟವರು ಮಾತ್ರ ಇಬ್ಬರಲ್ಲಿ ಯಾರೂ ಇಲ್ಲ. ಇದನ್ನು ತೋರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದವಿಚಾರವಾಗಲಿ, ಏಕೆಂದರೆ ಗೊಂದಲದ ಬಹುಭಾಗ ಹುಟ್ಟಿರುವುದು ಶಬ್ದಗಳಲ್ಲಿಯೇ, ಮತ್ತು ಅದರ ಹೊಣೆ ನಮ್ಮ ವರ್ಗದವರ ಮೇಲೂ ಇದೆ. ನ್ಯೂಟನ್ನನ ಶಾಸ್ತ್ರಕ್ಕೆ ಕನ್ನಡದಲ್ಲಿ ‘ಅಭಿಜಾತ ಭೌತಶಾಸ್ತ್ರ’ ಎಂದೂ ‘ಶಾಸ್ತ್ರೀಯ ಭೌತಶಾಸ್ತ್ರ’ ಎಂದೂ ಹೆಸರುಗಳು ಬಳಕೆಯಲ್ಲಿವೆ. ಎರಡೂ ‘ಕ್ಲಾಸಿಕಲ್’ ಎಂಬ ಪದದ ಪ್ರತಿನಿಧಿಗಳು. ಇದೇ ಪದವನ್ನು ಸಂಗೀತದ ವಿಷಯದಲ್ಲಿ ಬಳಸಿದಾಗ ಗೌರವ ತೋರುತ್ತದೆ. ೨೦೦೮ರಲ್ಲಿ ಕನ್ನಡಕ್ಕೆ ಶಾಸ್ತ್ರೀಯ ಭಾಷೆಯೆಂಬ ಸ್ಥಾನ ದೊರೆತಾಗ ನಾವೆಲ್ಲರೂ ಹರ್ಷಿಸಿದೆವು. ಭೌತಶಾಸ್ತ್ರಕ್ಕೆ ಸೇರಿದೊಡನೆ ಅದೇ ಪದಕ್ಕೆ ‘ಹಳೆಯದು, ಮೀರಿಹೋದದ್ದು’ ಎಂಬ ಧ್ವನಿ ಬಂದುಬಿಡುತ್ತದೆ. ‘ಶಾಸ್ತ್ರೀಯ ಶಾಸ್ತ್ರ’ ಎಂಬಲ್ಲಿ ಪುನರುಕ್ತಿದೋಷವಿರುವುದು ಬೇರೆ ಮಾತು. ಇದಕ್ಕಿಂತ ದೊಡ್ಡ ದೋಷವೊಂದಿದೆ. ಭೌತಶಾಸ್ತ್ರಜ್ಞರು ಈ ವಿಶೇಷಣವನ್ನು ಎರಡು ಅರ್ಥಗಳಲ್ಲಿ ಪ್ರಯೋಗಿಸುತ್ತಾರೆ: ಒಮ್ಮೆ ‘ಸಾಪೇಕ್ಷತೆಗೆ ಹಿಂದಿನದು’ ಎಂದು, ಮತ್ತೊಮ್ಮೆ ‘ಕ್ವಾಂಟಮ್ ಅಲ್ಲದ್ದು’ ಎಂದು. ಎರಡನೆಯ ಅರ್ಥದಲ್ಲಿ ಐನ್‌ಸ್ಟೈನನ ಗುರುತ್ವಸಿದ್ಧಾಂತವೂ ಅಭಿಜಾತವೇ. ಹೀಗಿರಲಾಗಿ ‘ಅಭಿಜಾತವೋ ಸಾಪೇಕ್ಷವೋ’ ಎಂಬ ವಿಭಾಗದಲ್ಲಿ ಪರಸ್ಪರ ವ್ಯಾವೃತ್ತಿಯೇ ಸಿದ್ಧಿಸುವುದಿಲ್ಲ. ‘ನ್ಯೂಟನೀಯ’ ಎಂದು ಕರ್ತೃವಿನ ಹೆಸರಿನಿಂದಲೇ ನಿರ್ದೇಶಿಸುವುದು ನಿರ್ದುಷ್ಟ. ಪಾಣಿನೀಯವೆಂದು ಹೇಳುವಾಗ ಅದು ಹೊಸದೋ ಹಳೆಯದೋ ಎಂದು ಯಾರೂ ಕೇಳುವುದಿಲ್ಲವಷ್ಟೆ.

‘ಸಾಪೇಕ್ಷ’ ಶಬ್ದದ ಗತಿ ಇನ್ನೂ ವಿಚಿತ್ರವಾದದ್ದು. ವೈಯಾಕರಣರಲ್ಲಿ ಸಾಪೇಕ್ಷವೆಂದರೆ ಅರ್ಥಪೂರ್ತಿಗಾಗಿ ಬೇರೊಂದು ಪದವನ್ನು ಎದುರುನೋಡುವ ಪದ. ಅದಕ್ಕೆ ಸಮಾಸವಾಗುವ ಸಾಮರ್ಥ್ಯವಿಲ್ಲವೆಂದು ಗ್ರಹಿಕೆ. ಲೋಕದಲ್ಲಿ ಅದು ‘ಅವರವರಿಗೆ ತೋರಿದಂತೆ’ ಎಂಬ ಅರ್ಥಕ್ಕೆ ಜಾರಿದೆ. ಆದ್ದರಿಂದಲೇ ಐನ್‌ಸ್ಟೈನ್ ‘ಎಲ್ಲವೂ ಸಾಪೇಕ್ಷ’ ಎಂದು ಸಾಧಿಸಿದನೆಂದು ಭಾಷಣಗಳಲ್ಲಿ ಹೇಳುವುದೂ, ಜೈನರ ಸ್ಯಾದ್ವಾದವೇ ಇದರ ಮೂಲವೆಂದು ಹೆಮ್ಮೆಪಡುವುದೂ ನಡೆಯುತ್ತಿದೆ. ವಸ್ತುತಃ ಆ ಸಿದ್ಧಾಂತದ ಪ್ರತಿಜ್ಞೆ ತದ್ವಿರುದ್ಧವಾದುದು. ಸಮವೇಗದಿಂದ ಚಲಿಸುವ ಯಾವ ದ್ರಷ್ಟೃವಿಗೂ ಪ್ರಕೃತಿನಿಯಮಗಳು ಒಂದೇ, ಪ್ರಕಾಶದ ವೇಗವೂ ಒಂದೇ. ಈ ಎರಡು ನಿರಪೇಕ್ಷಗಳನ್ನು ಉಳಿಸಿಕೊಳ್ಳುವುದಕ್ಕಾಗಿ ಕಾಲ ಮತ್ತು ದೈರ್ಘ್ಯಗಳು ಬದಲಾಗುತ್ತವೆಂದು ಒಪ್ಪಬೇಕಾಯಿತು, ಅಷ್ಟೆ. ಸ್ಯಾದ್ವಾದದ ಘನತೆಗೆ ಬರ್ನ್ ನಗರದ ಆಧಾರ ಬೇಕಾಗಿಲ್ಲ. ಇಂಥ ಶಬ್ದಗಳ ವಿಚಾರ ನಮ್ಮದಲ್ಲವೆಂದು ಕೈತೊಳೆದುಕೊಳ್ಳುವವರು ಬೆಳ್ಳಾವೆ ವೆಂಕಟನಾರಣಪ್ಪನವರನ್ನು ಸ್ಮರಿಸಬೇಕು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಬೋಧಿಸುತ್ತಿದ್ದ ಅವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ ೧೯೧೮ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಹೊರಡಿಸಿದರು, ಅವರೇ ಪಂಪಭಾರತವನ್ನು ಪರಿಷ್ಕರಿಸಿ ಪರಿಷತ್ತಿನಿಂದ ೧೯೩೧ರಲ್ಲಿ ಪ್ರಕಟಪಡಿಸಿದರು.

ಇನ್ನು ಪ್ರಕೃತಕ್ಕೆ ಬರೋಣ. ಮೊದಲನೆಯ ಪಕ್ಷದವರ ಮತವನ್ನು, ಎಂದರೆ ಸರ್ವತ್ರ ಸಾಪೇಕ್ಷವೇ ಗ್ರಾಹ್ಯವೆಂಬುದನ್ನು, ಅತಿ ಸಾಮಾನ್ಯವಾದೊಂದು ಉದಾಹರಣೆಯಿಂದ ಪರೀಕ್ಷಿಸಬಹುದು. ಬಿ.ಟಿ.ಎಂ. ಬಡಾವಣೆಯ ಯಾವನೋ ತರುಣನು ತೆರೆಯ ಮೇಲೆ ಆಡುವ ಕ್ರಿಕೆಟ್ಟಿನ ತಂತ್ರಾಂಶವನ್ನು ಬರೆಯುತ್ತಿದ್ದಾನೆಂದು ಇಟ್ಟುಕೊಳ್ಳಿ. ಚೆಂಡಿನ ತೂಕ ೧೬೦ ಗ್ರಾಂ, ವೇಗ ಸೆಕೆಂಡಿಗೆ ೪೦ ಮೀಟರು. ನ್ಯೂಟನ್ನನ ಸೂತ್ರದಂತೆ ಅದರ ಚಲನಶಕ್ತಿ ೧೨೮ ಜೂಲು. ಸಾಪೇಕ್ಷ ಸೂತ್ರವಾದರೋ ಹೀಗಿದೆ: ವೇಗದ ವರ್ಗವನ್ನು ಪ್ರಕಾಶವೇಗದ ವರ್ಗದಿಂದ ಭಾಗಿಸಿ, ಲಬ್ಧವನ್ನು ಒಂದರಿಂದ ಕಳೆದು, ವರ್ಗಮೂಲವನ್ನು ತೆಗೆದು, ಅದರಿಂದ ಒಂದನ್ನು ಭಾಗಿಸಿ, ಬಂದುದರಲ್ಲಿ ಮತ್ತೆ ಒಂದನ್ನು ಕಳೆದು, ಉಳಿದುದನ್ನು ದ್ರವ್ಯರಾಶಿಯಿಂದಲೂ ಪ್ರಕಾಶವೇಗದ ವರ್ಗದಿಂದಲೂ ಗುಣಿಸಬೇಕು. ಕಾಗದದ ಮೇಲೆ ಇದು ನ್ಯೂಟನ್ನನದಕ್ಕಿಂತ ಸತ್ಯತರ. ಯಂತ್ರದಲ್ಲಿ ಹಾಗಲ್ಲ. ೧೯೮೫ರಲ್ಲಿ ನಿಯತವಾದ ಸಂಖ್ಯಾಲೇಖನಕ್ರಮದಂತೆ ಯಂತ್ರವು ಒಂದು ಸಂಖ್ಯೆಯಲ್ಲಿ ಹದಿನೈದು ಹದಿನಾರು ಅಂಕಿಗಳನ್ನು ಮಾತ್ರ ಹಿಡಿದಿಡುತ್ತದೆ. ನಮ್ಮ ಚೆಂಡಿನ ವಿಷಯದಲ್ಲಿ ಒಂದರಿಂದ ಕಳೆಯಬೇಕಾದ ಲಬ್ಧವು ದಶಮಾಂಶಬಿಂದುವಿನ ನಂತರ ಹದಿನಾಲ್ಕನೆಯ ಸ್ಥಾನದಲ್ಲಿ ಮೊದಲಾಗುವುದರಿಂದ ಅದರಲ್ಲಿ ಉಳಿಯುವುದು ಒಂದೆರಡು ಅಂಕಿ ಮಾತ್ರ. ಫಲವು ಸುಮಾರು ಮೂರು ಮೂರು ಜೂಲುಗಳ ಮೆಟ್ಟಿಲಿನಲ್ಲಿ ಕುಪ್ಪಳಿಸುತ್ತದೆ. ಸೆಕೆಂಡಿಗೆ ೧.೨ ಮೀಟರಿನಂತೆ ಮೈದಾನದಲ್ಲಿ ನಡೆದುಹೋಗುವ ಆಟಗಾರನ ಚಲನಶಕ್ತಿಯೋ, ಯಂತ್ರದ ಮತದಲ್ಲಿ, ಸೊನ್ನೆ!

ಸೂತ್ರವನ್ನು ಶ್ರೇಢಿಯಾಗಿ ಬಿಡಿಸಿ ಬರೆದರೆ ಈ ದೋಷ ಪರಿಹಾರವಾಗುತ್ತದೆಂದು ಅವರು ಹೇಳಬಹುದು. ಸತ್ಯವೇ. ಆದರೆ ಹಾಗೆ ಬಿಡಿಸಿದ ಶ್ರೇಢಿಯ ಮೊದಲನೆಯ ಪದ ಯಾವುದು? ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಿದ್ದು, ಅಂದರೆ ನ್ಯೂಟನ್ನನ ಸೂತ್ರವೇ. ಎರಡನೆಯ ಪದವು ಯಂತ್ರದ ಕೊನೆಯ ಅಂಕಿಗಳನ್ನು ಮುಟ್ಟಿದರೆ ಮುಟ್ಟೀತು, ಅಷ್ಟೆ. ಖಂಡಿತನಾದನೆಂದು ಡಂಗುರ ಹೊಡೆದವನನ್ನು ಹಿತ್ತಲ ಬಾಗಿಲಿನಿಂದ ಕರೆತಂದಂತಾಯಿತು.

ಎರಡನೆಯ ಪಕ್ಷದವರು ಇಷ್ಟಕ್ಕೆ ಹಿಗ್ಗುವಂತಿಲ್ಲ. ಭೂಮಿಯ ಮೇಲೆ ಬದುಕುವವರಿಗೆ ನ್ಯೂಟನ್ ಸಾಕೆಂಬ ಅವರ ಮಾತನ್ನು ಸಂದೇಹಕ್ಕೀಡುಮಾಡುವ ಯಂತ್ರ ಅವರ ಜೇಬಿನಲ್ಲಿಯೇ ಇದೆ. ದಾರಿತೋರುವ ಉಪಗ್ರಹಗಳ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಆವಶ್ಯಕ. ಏಕೆಂದರೆ ಈ ವಿವಾದದಲ್ಲಿ ಎಲ್ಲರೂ ಇದನ್ನು ಉದಾಹರಿಸುತ್ತಾರೆ, ಸರಿಯಾಗಿ ಉದಾಹರಿಸುವವರು ವಿರಳ.

ಅಮೆರಿಕದವರು ಜಿ.ಪಿ.ಎಸ್. ಪದ್ಧತಿಗೆ ಪೂರ್ವಭಾವಿಯಾಗಿ ೧೯೭೭ರ ಜೂನ್ ತಿಂಗಳಲ್ಲಿ ಎನ್.ಟಿ.ಎಸ್.-೨ ಎಂಬ ಉಪಗ್ರಹದಲ್ಲಿ ಸೀಸಿಯಂ ಗಡಿಯಾರವೊಂದನ್ನು ಇಟ್ಟು ಹಾರಿಸಿದರು. ಎತ್ತರದಲ್ಲಿ ಗುರುತ್ವ ಕಡಮೆಯಾದುದರಿಂದ ಗಡಿಯಾರ ಮುಂದೋಡಬೇಕು, ವೇಗದಿಂದಾಗಿ ಹಿಂದುಳಿಯಬೇಕು, ಎರಡೂ ಕೂಡಿ ಇಷ್ಟು ಅಂತರ ಬರಬೇಕೆಂದು ಸಿದ್ಧಾಂತವು ಹೇಳಿತ್ತು. ಆ ತಿದ್ದುಪಡಿ ಬೇಕೋ ಬೇಡವೋ ಎಂಬ ಸಂದೇಹವಿದ್ದ ಕಾರಣ ಅದನ್ನು ಬೇಕಾದಾಗ ಹಾಕಿಕೊಳ್ಳುವಂತೆ ಒಂದು ಗುಂಡಿಯನ್ನು ಯಂತ್ರದೊಳಗೆ ಇರಿಸಲಾಗಿತ್ತು. ಸುಮಾರು ಇಪ್ಪತ್ತು ದಿನ ತಿದ್ದುಪಡಿಯಿಲ್ಲದೆ ನೋಡಿದರು. ಲಕ್ಷಕೋಟಿಗೆ ೪೪೬.೫ ಪಾಲು ಮುಂದೋಡಬೇಕೆಂದು ಗಣಿತ, ಓಡಿದ್ದು ೪೪೨.೫ ಪಾಲು. ಬಳಿಕ ಗುಂಡಿಯನ್ನು ಒತ್ತಿದರು. ಎರಡು ಭೌತಶಾಸ್ತ್ರಗಳ ನಡುವಣ ಆಯ್ಕೆಯು ಅಕ್ಷರಶಃ ಒಂದು ಗುಂಡಿಯಾಗಿದ್ದುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವನ್ನು ನಾವು ಕಾಣೆವು. ಸುಮಾರು ೨೦,೨೦೦ ಕಿಲೋಮೀಟರು ಎತ್ತರದ ಜಿ.ಪಿ.ಎಸ್. ಉಪಗ್ರಹಗಳಲ್ಲಿ ಗುರುತ್ವದಿಂದ ದಿನಕ್ಕೆ ೪೫ ಮೈಕ್ರೋಸೆಕೆಂಡು ಮುಂದೆ, ವೇಗದಿಂದ ೭ ಹಿಂದೆ, ಒಟ್ಟು ೩೮ ಮೈಕ್ರೋಸೆಕೆಂಡು ಮುಂದೆ. ನಮ್ಮ ದೇಶದ ನ್ಯಾವಿಕ್ ವ್ಯವಸ್ಥೆಯ ಉಪಗ್ರಹಗಳು ಸುಮಾರು ೩೬,೦೦೦ ಕಿಲೋಮೀಟರು ಎತ್ತರದಲ್ಲಿರುವುದರಿಂದ ಅಲ್ಲಿ ಒಟ್ಟು ಅಂತರವು ೪೬-೪೭ ಮೈಕ್ರೋಸೆಕೆಂಡಿನಷ್ಟಾಗುತ್ತದೆ. ಈ ವ್ಯವಸ್ಥೆಯ ಮೊದಲ ಉಪಗ್ರಹ ೧೯೧೩ರಲ್ಲಿ ಅಲ್ಲ, ಐನ್‌ಸ್ಟೈನ್ ಗುರುತ್ವದೊಡನೆ ಹೆಣಗುತ್ತಿದ್ದ ಆ ವರ್ಷಕ್ಕೆ ಸರಿಯಾಗಿ ನೂರು ವರ್ಷಗಳ ನಂತರ, ೨೦೧೩ರ ಜುಲೈ ೧ರಂದು ಹಾರಿತು. ಅದರ ಸಂಚಾಲನಕೇಂದ್ರವು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಸ್ಥಾಪಿತವಾಯಿತು.

ಇದನ್ನು ಹಿಡಿದು ಉತ್ಸಾಹಿಗಳು ಹೇಳುವುದು ಹೀಗೆ: ಐನ್‌ಸ್ಟೈನ್ ಇಲ್ಲದಿದ್ದರೆ ದಿನಕ್ಕೆ ೧೧ ಕಿಲೋಮೀಟರಿನಂತೆ ದಾರಿ ತಪ್ಪುತ್ತಿದ್ದೆವು, ಜಯನಗರಕ್ಕೆ ಹೊರಟವನು ಒಂದೇ ದಿನದಲ್ಲಿ ಯಲಹಂಕದತ್ತ ಸಾಗುತ್ತಿದ್ದನು. ೩೮ ಮೈಕ್ರೋಸೆಕೆಂಡಿನಲ್ಲಿ ಪ್ರಕಾಶವು ೧೧ ಕಿಲೋಮೀಟರು ಹೋಗುವುದು ನಿಜ. ಆದರೂ ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಇದು ವಿಧಿಯಲ್ಲ, ಅರ್ಥವಾದ. ಕೈಯಲ್ಲಿರುವ ಯಂತ್ರವು ಬಿಡಿಸುವ ಅಜ್ಞಾತರಾಶಿಗಳು ನಾಲ್ಕು: ಸ್ಥಾನದ ಮೂರು, ತನ್ನ ಗಡಿಯಾರದ ತಪ್ಪು ಒಂದು. ಎಲ್ಲ ಉಪಗ್ರಹಗಳೂ ಒಂದೇ ಪ್ರಮಾಣದಲ್ಲಿ ಮುಂದೋಡಿದರೆ ಆ ಸಮಾನದೋಷದ ಬಹುಭಾಗ ನಾಲ್ಕನೆಯ ರಾಶಿಯಲ್ಲಿ ಲೀನವಾಗುತ್ತದೆ. ಅದಲ್ಲದೆ ನೆಲದ ಕೇಂದ್ರದವರು ಪ್ರತಿಯೊಂದು ಗಡಿಯಾರವನ್ನೂ ಅಳೆದು, ಇಷ್ಟು ಓಡುತ್ತಿದೆ, ಇಷ್ಟು ತಿದ್ದಿಕೊಳ್ಳಿರೆಂದು ಅಂಕಿಗಳನ್ನು ಕಳುಹಿಸುತ್ತಲೇ ಇರುತ್ತಾರೆ. ಏಕೆ ಓಡುತ್ತಿದೆಯೆಂದು ತಿಳಿಯದವನೂ ಹಾಗೆ ತಿದ್ದಬಲ್ಲನು.

ಆದರೆ ತಿದ್ದಲಾಗದ ಶೇಷವೊಂದಿದೆ. ಉಪಗ್ರಹದ ಕಕ್ಷೆ ಶುದ್ಧ ವೃತ್ತವಲ್ಲ. ಭೂಮಿಗೆ ಸಮೀಪಿಸಿದಾಗ ಗಡಿಯಾರ ನಿಧಾನ, ದೂರಹೋದಾಗ ತ್ವರಿತ. ಈ ಏರಿಳಿತವು ಒಂದೊಂದು ಉಪಗ್ರಹಕ್ಕೆ ಒಂದೊಂದು ಬಗೆ. ಜಿ.ಪಿ.ಎಸ್. ಉಪಗ್ರಹದ ಉತ್ಕೇಂದ್ರತೆ ೦.೦೨ ಆದರೆ ಅದು ೪೬ ನ್ಯಾನೋಸೆಕೆಂಡಿನಷ್ಟು, ಎಂದರೆ ಸುಮಾರು ಹದಿನಾಲ್ಕು ಮೀಟರು. ಜಯನಗರ ನಾಲ್ಕನೆಯ ಬ್ಲಾಕಿನಲ್ಲಿ ಒಂದು ಅಡ್ಡರಸ್ತೆಯ ಬದಲು ಮತ್ತೊಂದನ್ನು ತೋರಿಸಲು ಇಷ್ಟು ಸಾಕು. ನ್ಯಾವಿಕ್ ಕಕ್ಷೆಗೆ ಉತ್ಕೇಂದ್ರತೆಯನ್ನು ೦.೦೦೨ ಎಂದಿಟ್ಟರೆ ಎರಡು ಮೀಟರಿಗೂ ಕಡಮೆ. ಈ ಪದವನ್ನು ಕೂಡಿಸಬೇಕಾದುದು ಆಕಾಶದಲ್ಲಲ್ಲ, ಬಳಕೆದಾರನ ಯಂತ್ರದ ತಂತ್ರಾಂಶದಲ್ಲಿ. ಇಸ್ರೋ ಸಂಸ್ಥೆ ಬಳಕೆದಾರರಿಗೆಂದು ಪ್ರಕಟಿಸಿರುವ ಸಂಕೇತವಿವರಣೆಯಲ್ಲಿಯೂ ಇದರ ಸೂತ್ರವಿದೆ. ದಾರಿತೋರುವ ತಂತ್ರಾಂಶವನ್ನು ಬರೆಯುವವನಿಗೆ ಐನ್‌ಸ್ಟೈನನಿಂದ ನಿಜವಾಗಿ ಬೇಕಾದುದು ಈ ಒಂದು ಪಂಕ್ತಿ. ಅದೇ ತಂತ್ರಾಂಶದಲ್ಲಿ ಉಪಗ್ರಹದ ಸ್ಥಾನವನ್ನು ಕೆಪ್ಲರನ ದೀರ್ಘವೃತ್ತದಿಂದ, ಅಂದರೆ ನ್ಯೂಟನೀಯ ಕ್ರಮದಿಂದಲೇ, ತೆಗೆಯುತ್ತಾರೆ. ಒಂದೇ ಪುಟದಲ್ಲಿ ಎರಡೂ ಶಾಸ್ತ್ರಗಳು ಜಗಳವಿಲ್ಲದೆ ಕೂತಿವೆ.

ಇಲ್ಲಿ ವೇದಾಂತಿಗಳು ಒಂದು ಮಾತನ್ನು ತರುತ್ತಾರೆ: ಐನ್‌ಸ್ಟೈನನದು ಪಾರಮಾರ್ಥಿಕ, ನ್ಯೂಟನ್ನನದು ವ್ಯಾವಹಾರಿಕ. ಕೇಳುವುದಕ್ಕೆ ಇಂಪಾಗಿದೆ, ಆದರೆ ಹೊಂದುವುದಿಲ್ಲ. ಪಾರಮಾರ್ಥಿಕ ಜ್ಞಾನದಿಂದ ವ್ಯಾವಹಾರಿಕವು ಬಾಧಿತವಾಗಬೇಕು; ಹಗ್ಗವನ್ನು ಅರಿತವನಿಗೆ ಹಾವು ಉಳಿಯಬಾರದು. ಸಾಪೇಕ್ಷವನ್ನು ಅರಿತಮೇಲೂ ನ್ಯೂಟನ್ ಉಳಿಯುತ್ತಾನೆ. ಎಷ್ಟು ಅಂಕಿಯವರೆಗೆ ಉಳಿಯುತ್ತಾನೆಂಬುದನ್ನು ಸಾಪೇಕ್ಷವೇ ಹೇಳಿಕೊಡುತ್ತದೆ. ವ್ಯಾಕರಣದ ಉತ್ಸರ್ಗ-ಅಪವಾದ ನ್ಯಾಯವು ಇದಕ್ಕೆ ಸಮೀಪ, ಆದರೂ ಪೂರ್ಣವಾಗಿ ಸಮವಲ್ಲ. ಅಪವಾದವು ಉತ್ಸರ್ಗಕ್ಕಿಂತ ಸಣ್ಣ ಕ್ಷೇತ್ರದ್ದು. ಇಲ್ಲಿ ತತ್ತ್ವದೃಷ್ಟಿಯಿಂದ ವ್ಯಾಪಕವಾದುದು ಸಾಪೇಕ್ಷ; ಪ್ರಯೋಗದೃಷ್ಟಿಯಿಂದ ವ್ಯಾಪಕವಾದುದು ನ್ಯೂಟನೀಯ. ವ್ಯಾಪ್ಯವ್ಯಾಪಕಭಾವವೇ ತಲೆಕೆಳಗಾಗುವ ಈ ಸ್ಥಿತಿಗೆ ನಮ್ಮ ಶಾಸ್ತ್ರಗಳಲ್ಲಿ ಪೂರ್ಣಸದೃಶವಾದ ದೃಷ್ಟಾಂತ ದೊರೆಯದಿದ್ದರೆ ಅದನ್ನು ಬಲಾತ್ಕಾರದಿಂದ ತರಬೇಕಾಗಿಲ್ಲ.

ನ್ಯೂಟನ್ನನಿಗೆ ಪ್ರವೇಶವೇ ಇಲ್ಲದ ಕ್ಷೇತ್ರವೂ ಒಂದುಂಟು, ಮತ್ತು ಅದರಲ್ಲಿ ಬೆಂಗಳೂರಿನವರೇ ಒಬ್ಬರ ಹೆಸರು ನಿಂತಿದೆ. ಕನ್ನಡ ವಿದ್ವಾಂಸರಾದ ಸಿ.ಕೆ. ವೆಂಕಟರಾಮಯ್ಯನವರ ಪುತ್ರ ಸಿ.ವಿ. ವಿಶ್ವೇಶ್ವರ (೧೯೩೮-೨೦೧೭) ಅವರು ಕೃಷ್ಣರಂಧ್ರದ ಮೇಲೆ ಗುರುತ್ವದ ಅಲೆಯನ್ನು ಎಸೆದರೆ ಏನು ಮರಳುವುದೆಂದು ಗಣಕಯಂತ್ರದಿಂದ ಲೆಕ್ಕಹಾಕಿ, ಹೊಡೆದ ಘಂಟೆಯಂತೆ ಅದು ಮೊಳಗಿ ಕ್ರಮೇಣ ಅಡಗುವುದೆಂಬುದನ್ನು ೧೯೭೦ರಲ್ಲಿ ಪ್ರಕಟಿಸಿದರು. ನ್ಯೂಟನ್ನನ ಶಾಸ್ತ್ರದಲ್ಲಿ ಗುರುತ್ವಕ್ಕೆ ಅಲೆಯೇ ಇಲ್ಲವಾದುದರಿಂದ ಇಲ್ಲಿ ಆಯ್ಕೆಯ ಮಾತೇ ಏಳುವುದಿಲ್ಲ. 2೦೧೫ರ ಸೆಪ್ಟೆಂಬರ್ ೧೪ರಂದು ಯಂತ್ರಗಳಿಗೆ ಮೊದಲಬಾರಿ ಸಿಕ್ಕಿದ ಅಲೆಯ ಕೊನೆಯಲ್ಲಿ ಇದ್ದುದು ಇಂಥ ಅಡಗುವ ಮೊಳಗೇ. ಅದನ್ನು ಕೇಳುವವರೆಗೆ ಅವರು ಜೀವಿಸಿದ್ದರು.

ಈಗ ನಮ್ಮ ಮನೆಗಳಿಗೆ ನೇರವಾಗಿ ತಟ್ಟುವ ಪಂಚಾಂಗಕ್ಕೆ ಬರಬೇಕು. ಯಂತ್ರದಲ್ಲಿ ಪಂಚಾಂಗವನ್ನು ನೋಡುವವರು ಈಗ ಬಹುಮಂದಿ. ಮುದ್ರಿತ ಪಂಚಾಂಗದಲ್ಲಿ ಒಂದು ದಿನ ಏಕಾದಶಿ, ಯಂತ್ರದಲ್ಲಿ ಮರುದಿನ. ತಂದೆಯ ಶ್ರಾದ್ಧತಿಥಿ ಯಾವ ದಿನಕ್ಕೆ ಬೀಳುವುದೆಂದು ಅಣ್ಣತಮ್ಮಂದಿರು ಎರಡು ಯಂತ್ರಗಳನ್ನು ಹಿಡಿದು ವಾದಿಸುವುದನ್ನು ನಾವು ಕಂಡಿದ್ದೇವೆ. ಆಗ ‘ನಮ್ಮದು ಐನ್‌ಸ್ಟೈನನ ಗಣಿತದಿಂದ ಬಂದದ್ದು, ಆದಕಾರಣ ನಿಖರ’ ಎಂಬ ಮಾತು ಕೇಳಿಬರುತ್ತದೆ. ಈ ಮಾತು ಎಷ್ಟು ತೂಗುತ್ತದೆಂದು ನೋಡೋಣ.

ತಿಥಿಯೆಂದರೆ ಚಂದ್ರನು ಸೂರ್ಯನಿಂದ ಹನ್ನೆರಡು ಅಂಶ ಸರಿಯುವ ಕಾಲ. ಈ ಅಂತರವು ಒಂದು ವಿಕಲೆ ಬೆಳೆಯಲು ಸುಮಾರು ಎರಡು ಸೆಕೆಂಡು ಬೇಕು. ಸೂರ್ಯಸಿದ್ಧಾಂತದ ಚಂದ್ರನಿಗೆ ಮಂದಫಲಸಂಸ್ಕಾರ ಒಂದೇ ಇದೆ. ಪಾಶ್ಚಾತ್ಯರು ‘ವೇರಿಯೇಷನ್’ ಎನ್ನುವ, ಮೂವತ್ತೊಂಬತ್ತು ಕಲೆಗಳಷ್ಟಾಗುವ ಸಂಸ್ಕಾರವು ಅದರಲ್ಲಿಲ್ಲ. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಈ ಸಂಸ್ಕಾರ ಶೂನ್ಯವಾಗುವುದರಿಂದ ಗ್ರಹಣಗಳಿಂದ ಅದು ಹೊರಬೀಳಲಿಲ್ಲ. ಅದು ಪರಮಾವಧಿಯನ್ನು ಮುಟ್ಟುವುದು ಸೂರ್ಯಚಂದ್ರರ ಅಂತರ ೧೩೫ ಅಂಶವಾದಾಗ. ಶುಕ್ಲ ಏಕಾದಶಿ ಮುಗಿಯುವುದು ೧೩೨ಕ್ಕೆ! ಧರ್ಮಶಾಸ್ತ್ರವು ಅತ್ಯಂತ ಸೂಕ್ಷ್ಮವಾಗಿ ವಿಚಾರಿಸುವ ತಿಥಿಯಲ್ಲಿಯೇ ಈ ಒಂದು ಸಂಸ್ಕಾರದ ಅಭಾವದಿಂದ ಮೂರು ಘಳಿಗೆಗೂ ಮಿಕ್ಕಿ ವ್ಯತ್ಯಾಸ ಬರುತ್ತದೆ. ಈ ಚಲನೆಗೆ ಕಾರಣವನ್ನು ಗುರುತ್ವದಿಂದ ತೋರಿಸಿಕೊಟ್ಟವನು ನ್ಯೂಟನ್. ಹಾಗಾದರೆ ನ್ಯೂಟನ್ನನಿಂದ ಐನ್‌ಸ್ಟೈನನಿಗೆ ಹೋದರೆ ತಿಥಿ ಎಷ್ಟು ಬದಲಾಗುತ್ತದೆ? ಸಾಪೇಕ್ಷತೆಯಿಂದ ಚಂದ್ರಕಕ್ಷೆ ಶತಮಾನಕ್ಕೆ ಎರಡು ವಿಕಲೆಯಷ್ಟೂ, ಭೂಮಿಯ ನೀಚಬಿಂದು ನಾಲ್ಕು ವಿಕಲೆಯಷ್ಟೂ ಸರಿಯುತ್ತವೆ. ತಿಥಿಯಲ್ಲಿ ಇವುಗಳ ಫಲ ನೂರು ವರ್ಷಕ್ಕೂ ಒಂದೆರಡು ಸೆಕೆಂಡನ್ನು ಮೀರದು. ಒಂದು ವಿಘಳಿಗೆಗೆ ಇಪ್ಪತ್ತನಾಲ್ಕು ಸೆಕೆಂಡು. ಬನಶಂಕರಿಗಿಂತ ಬಿ.ಟಿ.ಎಂ. ಬಡಾವಣೆಯಲ್ಲಿ ಸೂರ್ಯನು ಸುಮಾರು ಹತ್ತು ಸೆಕೆಂಡು ಮೊದಲು ಹುಟ್ಟುತ್ತಾನೆ. ಆ ಭೇದವನ್ನೇ ಯಾವ ಪಂಚಾಂಗವೂ ಲೆಕ್ಕಿಸುವುದಿಲ್ಲ.

ವಿನೋದವೇನೆಂದರೆ, ಇಂದು ಬಹುತೇಕ ಜ್ಯೋತಿಷತಂತ್ರಾಂಶಗಳು ಆಶ್ರಯಿಸುವ ‘ಸ್ವಿಸ್ ಎಫೆಮೆರಿಸ್’ ಎಂಬ ಗ್ರಹಸ್ಥಾನಸಂಗ್ರಹವು ಅಮೆರಿಕದ ಜೆ.ಪಿ.ಎಲ್. ಸಂಸ್ಥೆಯ ಕೋಷ್ಟಕಗಳಿಂದ ಹುಟ್ಟಿದ್ದು, ಆ ಕೋಷ್ಟಕಗಳ ಚಲನಸಮೀಕರಣಗಳಲ್ಲಿ ಸಾಪೇಕ್ಷತೆಯ ಪದಗಳು ಸೇರಿಯೇ ಇವೆ. ನ್ಯೂಟನ್ ಸಾಕೆನ್ನುವವನೂ ತಿಳಿಯದೆ ಐನ್‌ಸ್ಟೈನನನ್ನು ಬಳಸುತ್ತಿದ್ದಾನೆ. ಅದರಲ್ಲಿ ಸೂರ್ಯನ ಗುರುತ್ವದಿಂದ ಪ್ರಕಾಶ ಬಾಗುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡವೆಂದು ಸೂಚಿಸುವ ಗುರುತೊಂದುಂಟು; ಎನ್.ಟಿ.ಎಸ್.-೨ರ ಗುಂಡಿಯ ತಮ್ಮನೆಂದು ಭಾವಿಸಬಹುದು. ಅದನ್ನು ಹಾಕಿದರೂ ತೆಗೆದರೂ ತಿಥಿಗೆ ಏನೂ ಆಗುವುದಿಲ್ಲ: ಸೂರ್ಯನು ತನ್ನ ಬೆಳಕನ್ನೇ ಪಕ್ಕಕ್ಕೆ ಬಾಗಿಸಿ ಸ್ಥಾನ ಕೆಡಿಸಿಕೊಳ್ಳನು, ಚಂದ್ರನೋ ಸೂರ್ಯನಿಗಿಂತ ಬಹಳ ಈಚೆ ಇದ್ದಾನೆ. ಸೂರ್ಯನ ಅಂಚಿನಲ್ಲಿಯೇ ಅಸ್ತಂಗತನಾಗಿರುವ ಶನಿಯು ರಾಶಿ ಬದಲಾಯಿಸುವ ಪ್ರಸಂಗ ಬಂದರೆ, ೧.೭೫ ವಿಕಲೆಯ ಈ ಬಾಗುವಿಕೆಯಿಂದ ಐದಾರು ನಿಮಿಷ ವ್ಯತ್ಯಾಸವಾದೀತು. ಅದನ್ನು ಕಣ್ಣಿನಿಂದ ಯಾರು ನೋಡಿಯಾರು?

ನಿಜವಾದ ಅಪಾಯ ಬೇರೆಡೆ ಇದೆ, ಅದಕ್ಕೆ ಸಂಕರದೋಷವೆಂದು ಹೆಸರಿಡಬಹುದು. ಚಂದ್ರನನ್ನು ಸೂಕ್ಷ್ಮಕೋಷ್ಟಕದಿಂದ ತೆಗೆದು, ಸೂರ್ಯನನ್ನು ಯಾವುದೋ ಸುಲಭಸೂತ್ರದಿಂದ ಬೆಳಕಿನ ಅಪೇರಣಸಂಸ್ಕಾರವಿಲ್ಲದೆ ತೆಗೆದರೆ ೨೦.೫ ವಿಕಲೆಯ ದೋಷ. ತಿಥಿಯಲ್ಲಿ ನಾಲ್ವತ್ತು ಸೆಕೆಂಡು. ಕೋಷ್ಟಕಗಳು ನಡೆಯುವ ಸಮಗತಿಯ ಕಾಲಕ್ಕೂ, ಭೂಮಿಯ ಭ್ರಮಣವನ್ನು ಅನುಸರಿಸುವ ಕಾಲಕ್ಕೂ ಈಗ ಸುಮಾರು ೬೯ ಸೆಕೆಂಡು ಅಂತರವಿದೆ. ಇದನ್ನು ಮರೆತರೆ ದೋಷ ಅಷ್ಟೇ. ಅದೇ ಕೋಷ್ಟಕದ ಕಾಲಮಾನಗಳಲ್ಲಿ ಸಾಪೇಕ್ಷತೆಯಿಂದ ಬರುವ ವಾರ್ಷಿಕ ಏರಿಳಿತವೋ, ಒಂದು ಸೆಕೆಂಡಿನ ಸಾವಿರದ ಎರಡು ಪಾಲಿಗಿಂತ ಕಡಮೆ. ಸಾಸಿವೆಯನ್ನು ಸೋಸಿ ಕುಂಬಳಕಾಯಿಯನ್ನು ನುಂಗಿದಂತೆ ಇದು. ನಕ್ಷತ್ರದ ವಿಷಯದಲ್ಲಿ ಅಯನಾಂಶದ ಆಯ್ಕೆಯೇ ಎಲ್ಲಕ್ಕೂ ದೊಡ್ಡದು. ೧೯೫೨ರಲ್ಲಿ ಮೇಘನಾದ ಸಾಹಾ ಅವರ ಅಧ್ಯಕ್ಷತೆಯಲ್ಲಿ ನೇಮಕವಾಗಿ ೧೯೫೫ರಲ್ಲಿ ವರದಿ ಕೊಟ್ಟ ಸಮಿತಿಯು ೧೯೫೬ರ ಮಾರ್ಚ್ ೨೧ಕ್ಕೆ ಅಯನಾಂಶವನ್ನು ೨೩ ಅಂಶ ೧೫ ಕಲೆಯೆಂದು ಗೊತ್ತುಮಾಡಿತು, ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಇದಕ್ಕಿಂತ ಒಂದೂವರೆ ಅಂಶಕ್ಕೆ ಸಮೀಪವಾಗಿ ಕಡಮೆ. ಇದರಿಂದ ನಕ್ಷತ್ರಾಂತ್ಯದಲ್ಲಿ ಎರಡೂವರೆ ಗಂಟೆಯಷ್ಟು ಭೇದ. ಇದನ್ನು ನ್ಯೂಟನ್ನನೂ ನಿರ್ಣಯಿಸಲಾರನು, ಐನ್‌ಸ್ಟೈನನೂ ನಿರ್ಣಯಿಸಲಾರನು. ಮೇಷಾದಿ ಎಲ್ಲಿಯೆಂಬುದು ಸಂಕೇತದ ಮಾತು.

ನಮ್ಮ ಪೂರ್ವಿಕ ಜ್ಯೋತಿಷಿಗಳು ಈ ವಿಷಯದಲ್ಲಿ ಇಂದಿನ ವಾದಿಗಳಿಗಿಂತ ವಿವೇಕಿಗಳಾಗಿದ್ದರು. ಕಲ್ಪಾದಿಯಿಂದ ಗಣಿಸುವ ಸಿದ್ಧಾಂತ, ಯುಗಾದಿಯಿಂದ ಗಣಿಸುವ ತಂತ್ರ, ಸಮೀಪದ ಶಕವರ್ಷದಿಂದ ಗಣಿಸುವ ಕರಣ ಎಂದು ಮೂರು ಬಗೆಯ ಗ್ರಂಥಗಳನ್ನು ಮಾಡಿಕೊಂಡರು. ಕರಣವು ಸಿದ್ಧಾಂತವನ್ನು ಖಂಡಿಸುವುದಿಲ್ಲ, ಅದರಿಂದ ಖಂಡಿತವೂ ಆಗುವುದಿಲ್ಲ. ೧೫೨೦ನ್ನು ಆರಂಭವರ್ಷವಾಗಿ ಇಟ್ಟುಕೊಂಡ ‘ಗ್ರಹಲಾಘವ’ದಲ್ಲಿ ಗಣೇಶ ದೈವಜ್ಞನು ಜ್ಯಾಗಣಿತವನ್ನೇ ಬಿಟ್ಟು ಲೆಕ್ಕವನ್ನು ಹಗುರಮಾಡಿದನು, ಜ್ಯೆಯನ್ನು ಅರಿಯದೆ ಅಲ್ಲ, ಪಂಚಾಂಗಕ್ಕೆ ಬೇಕಾದ ಅಂಕಿಗಳು ಎಷ್ಟೆಂಬುದನ್ನು ಅರಿತು. ಆಕಾಶಕ್ಕೂ ಗಣಿತಕ್ಕೂ ಭೇದ ಕಂಡಾಗ ಕಾರಣ ತಿಳಿಯದಿದ್ದರೂ ಬೀಜಸಂಸ್ಕಾರವೆಂದು ಬೇರೆಯಾಗಿ ಹೆಸರಿಟ್ಟು ಕೂಡಿಸಿದರು. ಬ್ಯಾಲಾಳಿನಂಥ ಕೇಂದ್ರದಿಂದ ಗಡಿಯಾರಕ್ಕೆ ಹೋಗುವ ತಿದ್ದುಪಡಿಯ ಅಂಕಿಗಳು ಬೀಜಸಂಸ್ಕಾರವಲ್ಲದೆ ಬೇರೇನು? ಬುಧನ ನೀಚಬಿಂದುವಿಗೆ ನ್ಯೂಟನ್ನನಿಂದ ವಿವರಿಸಲಾಗದ ಚಲನೆಯಿದೆಯೆಂದು ೧೮೫೯ರಲ್ಲಿ ಲೆವೆರಿಯೆ ಕಂಡಾಗ ಅವನೂ ಅದನ್ನು ಕೋಷ್ಟಕದಲ್ಲಿ ಹಾಗೆಯೇ ಸೇರಿಸಿದನು. ಶತಮಾನಕ್ಕೆ ೪೩ ವಿಕಲೆಯೆಂದು ಮುಂದೆ ನಿಷ್ಕರ್ಷೆಯಾದ ಅದಕ್ಕೆ ಕಾರಣ ದೊರೆತದ್ದು ೧೯೧೫ರಲ್ಲಿ. ನರಗುಂದದಲ್ಲಿ ೧೮೫೪ರಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಬಹುಕಾಲ ನೆಲೆಸಿದ್ದ ವೆಂಕಟೇಶ ಬಾಪೂಜಿ ಕೇತಕರರು ಯೂರೋಪಿನ ಇಂಥ ನ್ಯೂಟನೀಯ ಕೋಷ್ಟಕಗಳ ಸಾರವನ್ನೇ ‘ಜ್ಯೋತಿರ್ಗಣಿತ’, ‘ಕೇತಕೀ ಗ್ರಹಗಣಿತ’ಗಳಲ್ಲಿ ಸಂಸ್ಕೃತಕ್ಕೆ ಇಳಿಸಿದರು. ನ್ಯೂಟನ್ ಮ್ಲೇಚ್ಛನೆಂದು ಅವರು ಬಿಡಲಿಲ್ಲ, ಅವನೇ ಅಂತಿಮವೆಂದು ಪೂಜಿಸಲೂ ಇಲ್ಲ.

ಕರಣಗ್ರಂಥಗಳಲ್ಲಿ ಆರಂಭದಲ್ಲಿಯೇ ಶಕವರ್ಷ, ಕ್ಷೇಪಕ, ಯಾವ ಗ್ರಹವನ್ನು ಯಾವ ಪಕ್ಷದಿಂದ ತೆಗೆದದ್ದು ಎಂಬುದು ಹೇಳಲ್ಪಟ್ಟಿರುತ್ತದೆ. ದಕ್ಷಿಣ ಬೆಂಗಳೂರಿನಲ್ಲಿ ರಚಿತವಾಗಿ ನಮ್ಮ ಕೈಗೆ ಬಂದ ಎರಡು ಮೂರು ಪಂಚಾಂಗತಂತ್ರಾಂಶಗಳ ಮುಖಪುಟದಲ್ಲಿ ದೇವರ ಚಿತ್ರವಿತ್ತು, ‘ವೈಜ್ಞಾನಿಕ’ವೆಂಬ ವಿಶೇಷಣವಿತ್ತು, ಕೋಷ್ಟಕ ಯಾವುದು, ಕಾಲಮಾನ ಯಾವುದು, ಅಯನಾಂಶ ಯಾರದು, ಸೂರ್ಯೋದಯವನ್ನು ಬಿಂಬದ ಅಂಚಿನಿಂದ ಎಣಿಸಿದ್ದೋ ಮಧ್ಯದಿಂದಲೋ, ತಿಥ್ಯಂತದಲ್ಲಿ ಎಷ್ಟು ಸೆಕೆಂಡಿನ ಸಂದೇಹ, ಇವುಗಳಲ್ಲಿ ಒಂದೂ ಇರಲಿಲ್ಲ. ಈ ಐದನ್ನು ಅಚ್ಚುಮಾಡಲು ಅರ್ಧ ಪುಟ ಸಾಕು. ಅಷ್ಟು ಬರೆದಿದ್ದರೆ ಏಕಾದಶಿಯ ವಿಷಯದಲ್ಲಿ ವಾದಿಸುವ ಅಣ್ಣತಮ್ಮಂದಿರಿಗೆ ತಮ್ಮ ಭೇದವು ವ್ರತನಿರ್ಣಯದಿಂದ ಬಂದದ್ದೋ, ಚಂದ್ರನ ಒಂದು ಸಂಸ್ಕಾರದಿಂದಲೋ, ಗಡಿಯಾರದ ೬೯ ಸೆಕೆಂಡಿನಿಂದಲೋ ಎಂಬುದು ತಿಳಿಯುತ್ತಿತ್ತು. ಐನ್‌ಸ್ಟೈನನ ಹೆಸರು ಆ ಅರ್ಧ ಪುಟದಲ್ಲಿ ಕೋಷ್ಟಕದ ವಿವರಣೆಯೊಳಗೆ ಒಮ್ಮೆ ಬಂದರೆ ಬರುತ್ತಿತ್ತು.